ಇಪ್ಪತ್ತೆರಡು ಸೆಂಟು

ಕಳೆದ ತಿಂಗಳು ಕುಶಾಲನಗರದಿಂದ ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಮುಂದಿನ ಸೀಟಿನಲ್ಲಿ ಇಬ್ಬರು ಬೆಳೆಗಾರರು. ಹಿಂದಿನ ದಿನ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಿದ್ದಿತ್ತು. ಕೊಡಗಿನಲ್ಲಿ ಮಳೆಯ ಮರುದಿನ ಯಾರೂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ನಿಮಗೆ ಎಷ್ಟು ಬಂತು ಎಂದೇ ಕೇಳುವುದು. ಒಬ್ಬರು ನಮಗೆ ಎಂಬತ್ತು ಸೆಂಟು ಅಂದರು. ಇನ್ನೊಬ್ಬರು ನಮಗೆ ಬರೀ ಮೂವತ್ತು ಎಂದು ಮುಖ ಸಣ್ಣದು ಮಾಡಿಕೊಂಡರು. ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿ, ಮೈಸೂರಿನ ಕಡೆಯವಳಿರಬೇಕು, ಮೆಲ್ಲಗೆ ಕೇಳಿದಳು: "ಅಂಕಲ್, ಸೆಂಟು ಅಂದ್ರೆ ಜಾಗದ್ದಾ?"

ಪಾಪ, ಅವಳದೇನೂ ತಪ್ಪಿಲ್ಲ. ಜಾಗವೂ ಸೆಂಟು, ಮದುವೆಮನೆಗೆ ಹೊರಟವರು ಮೈಗೆ ಹಾಕಿಕೊಳ್ಳುವುದೂ ಸೆಂಟು. ನಮ್ಮ ತೋಟಗಳಲ್ಲಿ ಮಳೆಯೂ ಸೆಂಟು. ಒಂದಿಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟು. ಬ್ರಿಟಿಷ್ ದೊರೆಗಳ ಕಾಲದ ಅಳತೆ. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಯಾವ ಕಾಲವಾಯಿತೋ, ಕೊಡಗಿನ ತೋಟಗಳು ಮಾತ್ರ ಹೋಗಿಲ್ಲ. ಇದನ್ನೆಲ್ಲ ಆ ಹುಡುಗಿಗೆ ಬಿಡಿಸಿ ಹೇಳುತ್ತಾ ಹೇಳುತ್ತಾ ನನ್ನ ಕಿವಿ ಬಿಸಿಯಾಯಿತು. ಐದು ವರ್ಷದ ಹಿಂದೆ ಇವಳು ಕೇಳಿದ ಈ ಒಂದು ಪ್ರಶ್ನೆಯನ್ನು ನಾನು ಕೇಳಿದ್ದರೆ, ಸಿದ್ದಾಪುರದ ಹತ್ತಿರ ಹದಿನಾಲ್ಕು ಮನೆಯವರು ಕುಡಿಯುವ ಬಾವಿ ಬತ್ತುತ್ತಿರಲಿಲ್ಲ. ನಾನು ಕೇಳಲಿಲ್ಲ. ಎಂ.ಎಸ್ಸಿ. ಓದಿದವನಲ್ಲವೇ, ನಾನು ಯಾಕೆ ಕೇಳಲಿ!

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟಿನ ತಲೆಬುಡ ನಿಮಗೆ ಗೊತ್ತಾಗುವುದಿಲ್ಲ. ಮೈಸೂರಿನ ಒಂದು ಕಂಪನಿಯಲ್ಲಿ ಅಂತರ್ಜಲದ ಲೆಕ್ಕ ಮಾಡುವವನು ನಾನು. ಕಂಪ್ಯೂಟರಿನಲ್ಲಿ ಒಂದು ಗುಡ್ಡವನ್ನು ಚೌಕಚೌಕವಾಗಿ ಕತ್ತರಿಸುತ್ತೇವೆ. ಒಂದೊಂದು ಚೌಕಕ್ಕೂ ಮೇಲಿನಿಂದ ಎಷ್ಟು ನೀರು ಇಳಿಯುತ್ತದೆ ಎಂದು ಹೇಳಿಕೊಟ್ಟರೆ, ಬಾವಿಗಳಲ್ಲಿ ನೀರು ಎಷ್ಟು ನಿಲ್ಲುತ್ತದೆ ಎಂದು ಅದು ಹೇಳುತ್ತದೆ. ಬಂದ ಮಳೆಯನ್ನು ಅಳೆಯಬಹುದು, ಹೊಳೆಗೆ ಹರಿದದ್ದನ್ನೂ ಅಳೆಯಬಹುದು. ಬಿಸಿಲಿಗೆ ಆವಿಯಾದದ್ದನ್ನು ಮತ್ತು ಗಿಡಮರಗಳು ಬೇರಿನಿಂದ ಹೀರಿ ಎಲೆಯಿಂದ ಗಾಳಿಗೆ ಬಿಟ್ಟದ್ದನ್ನು ಯಾರು ಕೊಡದಲ್ಲಿ ಹಿಡಿಯುತ್ತಾರೆ? ಅದಕ್ಕೇ ಬಿಸಿಲು, ಗಾಳಿ, ಸೆಕೆ, ತೇವ ಇವುಗಳ ಅಂಕಿ ಹಾಕಿ ಸೂತ್ರದಿಂದ ಅಂದಾಜು ಮಾಡುವುದು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಬಾಷ್ಪೀಭವನ ಮತ್ತು ಬಾಷ್ಪವಿಸರ್ಜನೆ ಎಂದು ಹೆಸರು. ಹಲ್ಲು ಕಟ್ಟಿಸಿಕೊಂಡವರು ಹೇಳಲು ಹೋಗಬಾರದು. ಈ ಅಂದಾಜು ಕಡಿಮೆಯಾದರೆ ನೆಲದೊಳಗೆ ನೀರು ಹೆಚ್ಚಿದೆ ಎಂದು ಲೆಕ್ಕ ಬರುತ್ತದೆ. ಕಾಗದದ ಮೇಲೆ, ಅಷ್ಟೆ.

ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟು. ಅದರ ಮೇಲಿನ ಗುಡ್ಡವನ್ನು ರೆಸಾರ್ಟಿನವರು ಕೊಂಡಿದ್ದರು. ನಾಲ್ಕು ಬೋರು ಕೊರೆಯಬೇಕು, ಕೆಳಗಿನ ಬಾವಿಗಳಿಗೆ ತೊಂದರೆಯಿಲ್ಲ ಎಂಬ ವರದಿ ಬೇಕು. ವರದಿಯ ಕೆಲಸ ನಮ್ಮ ಕಂಪನಿಗೆ ಬಂತು. ನಾನು ಕೊಡಗಿನವನೇ ಎಂದು ನಮ್ಮ ಸಾಹೇಬರು ನನ್ನನ್ನೇ ಕಳಿಸಿದರು. ಕೊಡಗಿನವನು ಹೌದು, ಆದರೆ ಎಂಥ ಕೊಡಗಿನವನು? ನಮ್ಮಜ್ಜ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ನಮ್ಮ ಮನೆಯಲ್ಲಿ ಜೋಳ, ಶುಂಠಿ. ಮಳೆ ಬಂದರೆ ಅಪ್ಪ ಹೊಲಕ್ಕೆ ಹೋಗಿ ಹೆಬ್ಬೆರಳಲ್ಲಿ ಮಣ್ಣು ಒತ್ತಿ ನೋಡಿ ಹದ ಆಯ್ತು, ಇಲ್ಲ ಆಗಲಿಲ್ಲ, ಅನ್ನುತ್ತಿದ್ದರು. ಇಂಚು ಸೆಂಟು ಎಂದು ಗಾಜಿನಲ್ಲಿ ಹಿಡಿದು ಬರೆಯುವ ಮನೆಯಲ್ಲ ನಮ್ಮದು. ಇದನ್ನು ನೆಪಕ್ಕೆ ಹೇಳುತ್ತಿದ್ದೇನೆ ಅಂತ ನಿಮಗೆ ಅನ್ನಿಸಿದರೆ, ಹೌದು, ನೆಪವೇ.

ಆ ಎಸ್ಟೇಟಿನ ರೈಟರ್ ಜೋಯಪ್ಪ. ರೈಟರ್ ಎಂದರೆ ಕತೆ ಬರೆಯುವವರಲ್ಲ, ತೋಟದ ಹಾಜರಿ, ಮಳೆ, ಗೊಬ್ಬರ ಎಲ್ಲ ಬರೆದಿಡುವವರು. ಖಾಕಿ ಚಡ್ಡಿ, ಕಾಲಿಗೆ ಜಿಗಣೆ ಹತ್ತದಂತೆ ಉದ್ದನೆಯ ಕಾಲುಚೀಲ, ಕಿವಿಗೆ ಪೆನ್ಸಿಲು. ಬಂಗಲೆಯ ಪಕ್ಕದ ಬಯಲಿನಲ್ಲಿ ಒಂದು ತಗಡಿನ ತೊಟ್ಟಿ ಇತ್ತು. ನಾಲ್ಕಡಿ ಅಗಲ, ಗೇಣಿಗಿಂತ ತುಸು ಹೆಚ್ಚು ಆಳ, ಮೇಲೆ ತಂತಿ ಬಲೆ. ಒಳಗೆ ಒಂದು ಮೊಳೆ ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಜೋಯಪ್ಪ ಬಂದು, ಮೊಳೆಯ ತುದಿ ಮುಟ್ಟುವ ತನಕ ಹಿತ್ತಾಳೆಯ ಅಳತೆ ಪಾತ್ರೆಯಿಂದ ನೀರು ಹುಯ್ಯುವರು. ಎಷ್ಟು ಹುಯ್ದರೋ ಅಷ್ಟು ನಿನ್ನೆ ಆವಿಯಾಗಿದೆ ಎಂದು ಅರ್ಥ. ಪಾತ್ರೆಯ ಮೇಲೆ ಗೀಟುಗಳಿದ್ದವು. ಹಳೆಯ ಧಣಿಗಳು ಸ್ಪ್ರಿಂಕ್ಲರ್ ಎಷ್ಟು ಹೊತ್ತು ಬಿಡಬೇಕೆಂದು ತಿಳಿಯಲು ಇಡಿಸಿದ್ದಂತೆ. ಧಣಿಗಳು ಹೋದರು, ಮಗ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ, ಜೋಯಪ್ಪ ಮಾತ್ರ ನೀರು ಹುಯ್ಯುವುದನ್ನು ಬಿಡಲಿಲ್ಲ.

ನಾನು ಹತ್ತು ದಿನ ಎಸ್ಟೇಟಿನ ಕ್ವಾರ್ಟರ್ಸಿನಲ್ಲಿದ್ದೆ. ಮೊದಲ ದಿನವೇ ನಾನು ಅವರ ಮುಂದೆ ಬಾಷ್ಪವಿಸರ್ಜನೆ ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎಲೆ ಅಡಿಕೆ ಉಗಿದು ಬಂದು, ಸಮಾಧಾನವಾಗಿ ಹೇಳಿದರು:

"ಬಿಸಿಲು ನೆಕ್ಕಿದ್ದು, ಮರ ಕುಡಿದದ್ದು. ಇಷ್ಟೇ ಅಲ್ವಾ ನೀವು ಹೇಳುದು?"

ಅಷ್ಟೇ. ಐದು ವರ್ಷ ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಅಷ್ಟೇ. ಆ ತೊಟ್ಟಿ ಬಿಸಿಲು ನೆಕ್ಕಿದ್ದನ್ನು ಮಾತ್ರ ಹೇಳುತ್ತದೆ, ಮರ ಕುಡಿದದ್ದಕ್ಕೆ ಅದರಿಂದ ಅಂದಾಜು ಮಾಡಬೇಕು ಎಂದು ಅವರೇ ನನಗೆ ತಿಳಿಸಿದರು. ತೋಟದಲ್ಲಿ ಕಾಫಿಯ ಮೇಲೆ ಕರಿಮೆಣಸಿನ ಬಳ್ಳಿ, ಬಳ್ಳಿ ಹಬ್ಬಿದ ಸಿಲ್ವರ್ ಓಕು, ಅದರ ಮೇಲೆ ಹಲಸು, ಅತ್ತಿ, ನಂದಿ. ಮಾರ್ಚಿಯಲ್ಲಿ ಕಾಫಿ ಗಿಡ ಎಲೆ ಜೋಲು ಹಾಕಿ ನಿಂತಾಗಲೂ ಈ ದೊಡ್ಡ ಮರಗಳು ಕೆಳಗಿನಿಂದ ನೀರು ಎಳೆಯುತ್ತಲೇ ಇರುತ್ತವೆ, ಬಾವಿಯ ಪಾಲಿನಿಂದಲೇ ಎಳೆಯುವುದು, ಅಂದರು. ನಾನು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ನನಗೆ ಕುಡಿಯುವ ನೀರು ತರುತ್ತಿದ್ದವಳು ಸರಸು. ತಮಿಳು ಮನೆಮಾತಿನವಳು, ಲೈನಿನಲ್ಲೇ ಹುಟ್ಟಿ, ಸಿದ್ದಾಪುರದ ಶಾಲೆಯಲ್ಲಿ ಎಂಟನೆಯ ತರಗತಿ ತನಕ ಕನ್ನಡ ಕಲಿತು, ಈಗ ಅದೇ ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋಗುವವಳು. ಲೈನು ಎಂದರೆ ಕೆಲಸಗಾರರ ಸಾಲುಮನೆ, ಹದಿನಾಲ್ಕು ಮನೆ. ಸಾಲುಮನೆಯ ಕೆಳಗೆ ಗದ್ದೆಯಂಚಿನಲ್ಲಿ ಅವರ ಬಾವಿ. ಏಪ್ರಿಲ್ಲಿನಲ್ಲೂ ಬಗ್ಗಿ ಕೊಡ ಅದ್ದುವಷ್ಟು ಎತ್ತರಕ್ಕೆ ನೀರಿರುತ್ತಿತ್ತು. ನನ್ನನ್ನು ಅವಳು ನೀರಿನ ಸಾರ್ ಎಂದು ಕರೆಯುತ್ತಿದ್ದಳು. ಹೊರಡುವ ದಿನ, ಮೇಲೆ ಬೋರು ಹೊಡೆದರೆ ನಮ್ಮ ಬಾವಿಗೆ ಏನಾಗುತ್ತೆ ಎಂದು ಕೇಳಿದಳು. ಏನೂ ಆಗಲ್ಲ, ನಾನಿದ್ದೇನಲ್ಲ, ಅಂದೆ. ಈ ನಾನಿದ್ದೇನಲ್ಲ ಎಂಬ ಮಾತನ್ನು ನನ್ನ ಬಾಯಿಗೆ ಹಾಕಿದ ದೆವ್ವ ಯಾವುದೋ.

ಜೋಯಪ್ಪ ತಮ್ಮ ಪುಸ್ತಕಗಳನ್ನು ನನ್ನ ಕೈಗಿಟ್ಟರು. ಹಸಿರು ರಟ್ಟಿನ ಹನ್ನೊಂದು ಪುಸ್ತಕ, ಹನ್ನೊಂದು ವರ್ಷದ ದಿನದಿನದ ಬರಹ. ತಾರೀಕು, ಮಳೆ, ತೊಟ್ಟಿ, ಷರಾ. ಮಳೆಯ ಕೆಳಗೆ ಎರಡು ಮನೆ, ಇಂ. ಮತ್ತು ಸೆಂ. ತೊಟ್ಟಿಯ ಕೆಳಗೆ ಸೆಂ. ಮಾತ್ರ. ಕೆಲವು ದಿನ ಖಾಲಿ. ಅದರ ಮುಂದೆ ಷರಾದಲ್ಲಿ, 'ಆನೆ ಬಲೆ ತೆಗೆದು ಕುಡಿದಿದೆ, ಲೆಕ್ಕಕ್ಕಿಲ್ಲ.' ಇನ್ನೊಂದು ಕಡೆ, 'ನನಗೆ ಜ್ವರ. ಸುಳ್ಳು ಬರೆಯುವುದಿಲ್ಲ.' ನಮ್ಮ ಕಂಪ್ಯೂಟರು ಹೀಗೆ ಒಂದು ಮನೆಯನ್ನೂ ಖಾಲಿ ಬಿಡುವುದಿಲ್ಲ ನೋಡಿ. ಅಂಕಿ ಇಲ್ಲದ ಕಡೆ ಆಚೀಚಿನದನ್ನು ಕೂಡಿಸಿ ತಾನೇ ತುಂಬಿಕೊಂಡು, ಅದಕ್ಕೂ ಬಣ್ಣ ಬಳಿದು ತೋರಿಸುತ್ತದೆ.

ಮೈಸೂರಿಗೆ ಬಂದು ಪುಸ್ತಕವನ್ನು ಸಾಹೇಬರ ಮುಂದಿಟ್ಟೆ. ಅವರು ಮಾರ್ಚಿಯ ಒಂದು ಹಾಳೆ ತಿರುವಿದರು. ತೊಟ್ಟಿ, ಸೆಂ. 22.

"ಏನ್ರೀ ಇದು? ಒಂದು ದಿನಕ್ಕೆ ಇಪ್ಪತ್ತೆರಡು ಸೆಂಟಿಮೀಟರ್ ಆವಿ ಆಗುತ್ತಾ? ನಿಮ್ಮ ಕೊಡಗಲ್ಲಿ ನೀರನ್ನ ಒಲೆ ಮೇಲಿಟ್ಟು ಅಳೀತಾರೇನು?"

ಆಫೀಸೆಲ್ಲ ನಕ್ಕಿತು. ಆನೆಯ ಷರಾವನ್ನು ಗಟ್ಟಿಯಾಗಿ ಓದಿದರು, ಮತ್ತೂ ನಕ್ಕಿತು. ನಾನೂ ನಕ್ಕೆ. ಈ ಜಾಗದಲ್ಲಿ ನನಗೆ ನನ್ನ ಮೇಲೆ ಬರುವ ಕೋಪವನ್ನು ಹೇಗೆ ಹೇಳಲಿ? ಆ ತೊಟ್ಟಿಯ ಆಳವೇ ಗೇಣು! ದಿನಕ್ಕೆ ಇಪ್ಪತ್ತೆರಡು ಸೆಂಟಿಮೀಟರ್ ಆರಿದರೆ ಮಾರನೆಯ ಬೆಳಿಗ್ಗೆ ತಳದ ತಗಡು ಕಾಣಬೇಕು. ಹತ್ತು ದಿನ ಅದರ ಪಕ್ಕ ನಿಂತು ಕಾಫಿ ಕುಡಿದವನು ನಾನು. ಅದು ತುಂಬಿರುವುದನ್ನು ಕಣ್ಣಾರೆ ಕಂಡವನು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಸಾಹೇಬರು ಹೇಳಿದಂತೆ ವರದಿಯಲ್ಲಿ ಬರೆದೆ, 'ಸ್ಥಳೀಯ ದಾಖಲೆಗಳು ವಿಶ್ವಾಸಾರ್ಹವಲ್ಲ.'

ಪುಸ್ತಕವನ್ನು ತಳ್ಳಿಹಾಕಿದ ಮೇಲೆ ಅಂಕಿ ಎಲ್ಲಿಂದ ಬರಬೇಕು? ಸುಲಭವಾಗಿ ಸಿಕ್ಕಿದ್ದು ದೂರದ ಬೆಟ್ಟದ ಮೇಲಿನ ಒಂದು ಹವಾಮಾನ ಕೇಂದ್ರದ ಅಂಕಿ. ವರ್ಷದ ಅರ್ಧದಷ್ಟು ದಿನ ಮಂಜು ಮುಸುಕಿಕೊಂಡೇ ಇರುವ ಜಾಗ ಅದು, ಒಗೆದು ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಅಲ್ಲಿಯ ಬಿಸಿಲನ್ನು ತಂದು ಸಿದ್ದಾಪುರದ ಬಿಸಿಲು ಎಂದೆವು. ಸೂತ್ರದ ಗಿಡಮರಗಳ ಪಟ್ಟಿಯಲ್ಲಿ ಹಲಸು, ಅತ್ತಿ, ಬಳ್ಳಿ ಹಬ್ಬಿದ ಸಿಲ್ವರ್ ಓಕು ಯಾವುದೂ ಇರಲಿಲ್ಲ. ಹುಲ್ಲು ಇತ್ತು. ಹುಲ್ಲು ಹಾಕಿದೆವು. ಮುನ್ನೂರು ವರ್ಷದ ನಂದಿ ಮರ ನಿಂತ ಗುಡ್ಡವನ್ನು ಒಂದು ಗುಂಡಿ ಒತ್ತಿ ಹುಲ್ಲುಗಾವಲು ಮಾಡಿದವನು ಬೇರೆ ಯಾರೂ ಅಲ್ಲ, ನಾನೇ. ಸಾಲದ್ದಕ್ಕೆ ವರ್ಷದ ಸರಾಸರಿ ತೆಗೆದೆವು. ಆಷಾಢದ ಜಡಿಮಳೆ ಮಾರ್ಚಿಯ ಬಿಸಿಲಿನ ಮೇಲೆ ಕಂಬಳಿ ಹೊದಿಸಿದ ಹಾಗಾಯಿತು. ಕಂಪ್ಯೂಟರಿನ ತುಂಬ ಗುಡ್ಡ ನೀಲಿ ನೀಲಿ. ನೀರು ಧಾರಾಳವಾಗಿದೆ, ನಾಲ್ಕು ಬೋರಿಗೆ ಅಡ್ಡಿಯಿಲ್ಲ.

ವರದಿಯನ್ನು ಪಂಚಾಯಿತಿ ಹಾಲಿನಲ್ಲಿ ಓದಿದೆವು. ಮಧ್ಯಾಹ್ನ, ಊಟ ಮುಗಿಸಿ ಬಂದ ಜನ, ಅರ್ಧ ಸಭೆ ತೂಕಡಿಸುತ್ತಿತ್ತು. ಜೋಯಪ್ಪ ಹಿಂದಿನ ಬೆಂಚಿನಿಂದ ಎದ್ದರು. ನನ್ನ ಪುಸ್ತಕ ಸರಿಯಿಲ್ಲ ಅಂತ ಬರೆದಿದ್ದೀರಲ್ಲ, ಯಾಕೆ, ಎಂದು ಕೇಳಿದರು. ಸಾಹೇಬರು ನಗುತ್ತಾ ಇಪ್ಪತ್ತೆರಡು ಸೆಂಟಿಮೀಟರಿನ ಕತೆ ಹೇಳಿದರು. ಜೋಯಪ್ಪನಿಗೆ ಅದು ಅರ್ಥವೇ ಆಗಲಿಲ್ಲ ಎಂದು ಕಾಣುತ್ತದೆ.

"ಮೀಟರ್ ಎಲ್ಲಿಂದ ಬಂತು ಅದಕ್ಕೆ? ಅದು ಸೆಂಟು. ಮಳೆಯ ಸೆಂಟು."

ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ಬೆಳೆಗಾರರ ಬೆಂಚಿನಿಂದ ಒಬ್ಬರು, ನಂತರ ಎಲ್ಲರೂ ನಕ್ಕರು. ಈ ಸಲದ ನಗು ನಮ್ಮ ಮೇಲೆ. ಸಾಹೇಬರ ಮುಖ ಕಪ್ಪಾಯಿತು. ಆದರೆ ಅವರು ಅನುಭವಸ್ಥರು. ಅದು ಸಣ್ಣ ವಿಷಯ, ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಬರೋದಿಲ್ಲ ಅಂದು, ನನ್ನ ಕಡೆ ತಿರುಗಿ ಅಲ್ವೇನ್ರೀ ಎಂದರು. ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಜೋಯಪ್ಪನೂ ನೋಡಿದರು, ಬಾಗಿಲ ಹತ್ತಿರ ನಿಂತಿದ್ದ ಸರಸುವೂ ನೋಡಿದಳು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ, ಹೌದು ಸರ್, ಅಂದೆ.

ಮಾರನೆಯ ದಿನ ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ಲೆಕ್ಕ ಮಾಡಿದೆ. ಒಂದು ಸೆಂಟು ಎಂದರೆ ಸುಮಾರು ಕಾಲು ಮಿಲಿಮೀಟರ್. ಇಪ್ಪತ್ತೆರಡು ಸೆಂಟಿಗೆ ಐದೂವರೆ ಮಿಲಿಮೀಟರ್. ಮಾರ್ಚಿಯ ಬಿಸಿಲಿಗೆ ಸರಿಯಾಗಿ ಒಪ್ಪುವ ಅಂಕಿ. ಹನ್ನೊಂದು ಪುಸ್ತಕದ ಹನ್ನೊಂದು ಬೇಸಿಗೆಯೂ ಹೀಗೇ ಒಂದಕ್ಕೊಂದು ಒಪ್ಪಿಕೊಂಡು ನಿಂತಿದ್ದವು. ಹುಲ್ಲು ತೆಗೆದು ಮರ ಹಾಕಿದೆ, ತಿಂಗಳು ತಿಂಗಳಾಗಿ ಬಿಡಿಸಿದೆ. ಜನವರಿಯಿಂದ ಹೂಮಳೆಯ ತನಕ ಆ ಗುಡ್ಡದಿಂದ ಕೆಳಗೆ ಇಳಿಯುವುದು ಏನೂ ಇಲ್ಲ, ಮರಗಳೇ ಕೆಳಗಿನಿಂದ ಮೇಲೆ ಎಳೆಯುತ್ತಿವೆ. ಅದರ ಮೇಲೆ ನಾಲ್ಕು ಬೋರು ಇಟ್ಟೆ. ಲೈನಿನ ಬಾವಿಯ ಚೌಕ ಕೆಂಪಾಯಿತು. ಹಾಳೆ ತೆಗೆದುಕೊಂಡು ಸಾಹೇಬರ ಹತ್ತಿರ ಹೋದೆ. ವರದಿ ಹೋಗಿ ಆಯ್ತಲ್ರೀ, ಮುಂದಿನ ಪ್ರಾಜೆಕ್ಟಲ್ಲಿ ಸರಿ ಮಾಡ್ಕೊಳ್ಳೋಣ, ಅಂದರು. ಮುಂದಿನ ಪ್ರಾಜೆಕ್ಟಿನಿಂದ ಸರಸು ನೀರು ಸೇದುತ್ತಾಳೆಯೇ? ಹೀಗೆ ಕೇಳಬೇಕಿತ್ತು. ಕೇಳಲಿಲ್ಲ. ಮರುವರ್ಷ ನನಗೆ ಬಡ್ತಿ ಬಂತು, ಕುರ್ಚಿಗೆ ಕೈ ಇಡುವ ತೋಳು ಬಂತು.

ನಾಲ್ಕು ಬೋರೂ ಕೊರೆದ ಮೇಲಿನ ಎರಡನೆಯ ಬೇಸಿಗೆಯಲ್ಲಿ ಜೋಯಪ್ಪನ ಫೋನು. ಬಾವಿಯಲ್ಲಿ ಕೊಡ ಮುಳುಗುದಿಲ್ಲ, ಚೊಂಬಲ್ಲಿ ತೋಡುತ್ತಿದ್ದಾರೆ, ಅಂದರು. ಬೈಯಲಿಲ್ಲ. ನಾನು ಮೀಟಿಂಗಿನಲ್ಲಿದ್ದೇನೆ, ಆಮೇಲೆ ಮಾಡ್ತೇನೆ ಅಂದೆ. ಮೀಟಿಂಗೂ ಇರಲಿಲ್ಲ, ಆಮೇಲೆ ಮಾಡಲೂ ಇಲ್ಲ. ಅಲ್ಲಿಂದಾಚೆ ವಿರಾಜಪೇಟೆಗೆ ಹೋಗಬೇಕಾದಾಗಲೆಲ್ಲ ಮಡಿಕೇರಿಯ ಮೇಲೆ ಸುತ್ತಿ ಹೋಗುತ್ತಿದ್ದೆ. ಅಕ್ಕನ ಮನೆ ವಿರಾಜಪೇಟೆಯಲ್ಲಿ. ಈ ದಾರೀಲಿ ಯಾಕೋ ಬಂದೆ, ವಾಂತಿ ಬರಲ್ವಾ ನಿಂಗೆ ಎಂದು ಅಕ್ಕ ಕೇಳಿದರೆ, ಗಾಳಿ ಚೆನ್ನಾಗಿರುತ್ತೆ ಅನ್ನುತ್ತಿದ್ದೆ. ನನ್ನ ಹೇಡಿತನಕ್ಕೆ ತಿರುವುಗಳ ಲೆಕ್ಕ ಬೇರೆ.

ಕಳೆದ ತಿಂಗಳು ಮಡಿಕೇರಿ ಬಸ್ಸು ತಪ್ಪಿಹೋಗಿ ಸಿದ್ದಾಪುರದ್ದನ್ನು ಹತ್ತಿದ್ದೆ. ಪಕ್ಕದ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಸಿದ್ದಾಪುರ ಬಂತು. ಇಳಿದೆ. ಆಟೋ ಹಿಡಿದು ಎಸ್ಟೇಟಿಗೆ ಹೋದೆ.

ಜೋಯಪ್ಪ ಆಫೀಸು ಕೋಣೆಯಲ್ಲಿ ಹಾಜರಿ ಬರೆಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಕೂತುಕೊಳ್ಳಿ ಅಂದರು. ನಾನು ನಿಂತೇ ಎಲ್ಲ ಹೇಳಿದೆ. ಮಾರನೆಯ ದಿನವೇ ತಪ್ಪು ಗೊತ್ತಾಗಿತ್ತು, ಆದರೂ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ. ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ನನಗೆ ಹೇಳಿ ಎಂತ ಮಾಡುದು? ನನ್ನ ಪುಸ್ತಕ ಸರಿ ಉಂಟು ಅಂತ ನನಗೆ ಗೊತ್ತಿತ್ತು. ಬಾವಿ ಅವರದ್ದು. ಅವರ ಹತ್ತಿರ ಹೇಳಿ."

ಲೈನಿನ ಮುಂದೆ ಒಂದು ಕಪ್ಪು ಟ್ಯಾಂಕು ಕೂರಿಸಿದ್ದಾರೆ. ವಾರಕ್ಕೆರಡು ಸಲ ಟ್ಯಾಂಕರು ಬಂದು ತುಂಬುತ್ತದೆ. ಆವತ್ತು ಬರುವ ದಿನವಂತೆ, ಬಂದಿರಲಿಲ್ಲ. ಎಂಟು ಹತ್ತು ಹೆಂಗಸರು ಕೊಡ ಸಾಲಿಟ್ಟು ಕೂತಿದ್ದರು. ಸರಸು ನನ್ನ ಗುರುತು ಹಿಡಿದಳು, ಆದರೆ ನೀರಿನ ಸಾರ್ ಅನ್ನಲಿಲ್ಲ. ನಾನು ಹೇಳತೊಡಗಿದೆ. ಮಧ್ಯೆ ಒಬ್ಬ ಮುದುಕಿ, ಇವನು ಯಾರು, ಟ್ಯಾಂಕರಿನವನಾ, ಎಂದು ಪಕ್ಕದವಳನ್ನು ಕೇಳಿದಳು. ನಾನು ಮುಗಿಸಿದ ಮೇಲೆ ಸರಸು ಒಳಗೆ ಹೋಗಿ ಮಗಳ ನೋಟ್‌ಬುಕ್ಕು, ಪೆನ್ನು ತಂದು ಕೊಟ್ಟಳು.

"ಬಾಯಲ್ಲಿ ಹೇಳಿದ್ದು ಇಲ್ಲೇ ಹೋಗ್ತದೆ ಸಾರ್. ಬರೆದು ಕೊಡಿ."

ಜಗಲಿಯ ಮೇಲೆ ಕೂತು ಬರೆದೆ. 'ಸದರಿ ವರದಿಯಲ್ಲಿ ಬಾಷ್ಪವಿಸರ್ಜನೆಯ ಅಂದಾಜಿಗೆ ಸಂಬಂಧಿಸಿದಂತೆ ಲೋಪ ಉಂಟಾಗಿರುತ್ತದೆ.' ಹದಿನೈದು ವರ್ಷದ ಚಾಳಿ, ಕೈ ತಾನೇ ಬರೆಯಿತು. ಅವಳು ತೆಗೆದುಕೊಂಡು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು. ಬಾಷ್ಪವಿಸರ್ಜನೆಯಲ್ಲಿ ನಿಂತು, ಇದನ್ನು ಹೊಡೆದುಹಾಕಿ, ಅಂದಳು. ಕೊನೆಯಲ್ಲಿ ಮತ್ತೆ ನಿಂತಳು.

"ಲೋಪ ಉಂಟಾಗಿರುತ್ತದೆ ಅಂದ್ರೆ? ಅದಷ್ಟಕ್ಕೆ ಆಯ್ತಾ? ಯಾರು ಮಾಡಿದ್ದು?"

ಹೆಂಗಸರೆಲ್ಲ ಕಾಯುತ್ತಿದ್ದರು. ಹಾಳೆ ಹರಿದು ಹೊಸ ಹಾಳೆಯಲ್ಲಿ ಬರೆದೆ. ಬಿಸಿಲು ನೆಕ್ಕಿದ್ದನ್ನೂ ಮರ ಕುಡಿದದ್ದನ್ನೂ ನಾನು ತಪ್ಪು ಲೆಕ್ಕ ಮಾಡಿದೆ. ರೈಟರ್ ಜೋಯಪ್ಪನವರ ಪುಸ್ತಕ ಸರಿಯಿತ್ತು. ಸರಿಯಿಲ್ಲವೆಂದು ಬರೆದವನು ನಾನು. ತಪ್ಪು ಮಾರನೆಯ ದಿನವೇ ಗೊತ್ತಾಯಿತು, ನಾನು ಹೇಳಲಿಲ್ಲ. ಆ ನಾಲ್ಕು ಬೋರಿನಿಂದ ಲೈನಿನ ಬಾವಿ ಬತ್ತುತ್ತದೆ ಎಂದು ನನಗೆ ಗೊತ್ತಿತ್ತು. ಸರಸು ಓದಿದಳು. ಈ ಸಲ ಎಲ್ಲೂ ನಿಲ್ಲಲಿಲ್ಲ. ಕೊನೆಗೆ ಕಾಗದವನ್ನು ನನ್ನ ಕಡೆ ತಿರುಗಿಸಿ ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಹೆಸರು ಬರೆದೆ. ಅಪ್ಪನ ಹೆಸರು, ಊರು, ಕಂಪನಿಯಲ್ಲಿ ನನ್ನ ಕೆಲಸ, ಫೋನ್ ನಂಬರು, ಎಲ್ಲ ಬರೆಸಿದಳು. ಈ ಕಾಗದ ಹೊರಗೆ ಬಂದರೆ ನನ್ನ ಕೆಲಸ ಉಳಿಯುವುದಿಲ್ಲ.

ಮೊನ್ನೆ ಅವಳ ಫೋನ್ ಬಂತು. ಗುರುವಾರ ಗ್ರಾಮಸಭೆಯಂತೆ. ರೆಸಾರ್ಟಿನವರು ಇನ್ನೆರಡು ಬೋರಿಗೆ ಅರ್ಜಿ ಹಾಕಿದ್ದಾರಂತೆ, ನಮ್ಮ ಹಳೆಯ ವರದಿಯನ್ನೇ ಅದಕ್ಕೆ ಲಗತ್ತಿಸಿದ್ದಾರಂತೆ. ಕಾಗದವನ್ನು ಅವಳೇ ಓದುತ್ತಾಳೆ, ನಾನು ಮುಂದಿನ ಸಾಲಿನಲ್ಲಿ ಕೂತಿರಬೇಕು, ಜನರಿಗೆ ಮುಖ ಕಾಣಬೇಕು. ಅಷ್ಟು ಹೇಳಿ ಇಟ್ಟುಬಿಟ್ಟಳು.

ಇವತ್ತು ಬೆಳಿಗ್ಗೆ ಗುರುವಾರಕ್ಕೆ ರಜೆ ಬೇಕೆಂದು ಸಾಹೇಬರ ಕೋಣೆಗೆ ಹೋದೆ. ಏನು ಕಾರಣ ಎಂದು ಕೇಳಿದರು. ಬಾವಿ, ಕಾಗದ, ಗ್ರಾಮಸಭೆ, ಎಲ್ಲ ಹೇಳಿದೆ.